ಶಕುನವಾಣಿಯಿಂದ ಶೀಲವಿಚಾರಕ್ಕೆ: ಪ್ರಾಚೀನ ಚೀನದ ‘ಯೀ’ ಗ್ರಂಥದ ಸಂಕೇತಗಳು

ಚೀನದ ಪ್ರಾಚೀನ ವಾಙ್ಮಯದಲ್ಲಿ ‘ಯೀ ಚಿಂಗ್’ ಎಂಬ ಗ್ರಂಥದ ಸ್ಥಾನ ವಿಲಕ್ಷಣವಾದುದು. ಶಕುನ ನೋಡುವವರ ಕೈಹೊತ್ತಗೆಯಾಗಿ ಹುಟ್ಟಿದ ಈ ಪುಸ್ತಕ, ಕ್ರಿ.ಪೂ. 213ರಲ್ಲಿ ಚಿನ್ ಚಕ್ರವರ್ತಿಯ ಆಜ್ಞೆಯಿಂದ ಗ್ರಂಥದಹನ ನಡೆದಾಗ, ವೈದ್ಯ ಮತ್ತು ಕೃಷಿಗ್ರಂಥಗಳೊಡನೆ ಶಕುನಗ್ರಂಥಗಳಿಗೂ ವಿನಾಯಿತಿ ದೊರೆತುದರಿಂದ ಉಳಿದುಕೊಂಡಿತು. ಅದೇ ಪುಸ್ತಕ ಕ್ರಿ.ಪೂ. 136ರಲ್ಲಿ ಹಾನ್ ವಂಶದ ವೂ ಚಕ್ರವರ್ತಿಯು ಪಂಚಗ್ರಂಥಗಳಿಗೆ ಆಸ್ಥಾನದ ಅಧ್ಯಾಪಕರನ್ನು ನೇಮಿಸಿದಾಗ ಧರ್ಮಗ್ರಂಥದ ಪದವಿಗೇರಿತು. ನಾಳೆ ಮಳೆ ಬರುವುದೋ, ಯುದ್ಧದಲ್ಲಿ ಸೆರೆಯಾಳುಗಳು ದೊರೆಯುವರೋ ಎಂದು ಕೇಳುವುದಕ್ಕೆ ಬಳಕೆಯಾಗುತ್ತಿದ್ದ ಮಾತುಗಳು, ಸಜ್ಜನನು ಕಷ್ಟಕಾಲದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಉತ್ತರವಾದುದು ಹೇಗೆ ಎಂಬುದು ಇತಿಹಾಸದ ವಿದ್ಯಾರ್ಥಿಗೆ ಸಹಜವಾಗಿ ಏಳುವ ಪ್ರಶ್ನೆ. ಋಷಿಸದೃಶರಾದ ಪೂರ್ವಿಕರು ಮೊದಲೇ ಆ ಅರ್ಥವನ್ನು ಗೂಢವಾಗಿ ಇರಿಸಿದ್ದರೆಂಬುದು ಸಂಪ್ರದಾಯದ ಉತ್ತರ. ನೀತಿಬೋಧಕರು ಅದನ್ನು ತರುವಾಯ ಬಲವಂತವಾಗಿ ಹೇರಿದರೆಂಬುದು ಆಧುನಿಕರಲ್ಲಿ ಹಲವರ ಉತ್ತರ. ಇವೆರಡೂ ಅಪೂರ್ಣವೆಂದು ತೋರುತ್ತದೆ. ಶಕುನದ ವಿಧಾನದಲ್ಲಿಯೇ ಆದ ಒಂದು ಬದಲಾವಣೆ ನೀತಿವಿಚಾರಕ್ಕೆ ಬಾಗಿಲು ತೆರೆಯಿತೆಂಬುದು ಪ್ರಸ್ತುತ ಲೇಖನದ ಅಭಿಪ್ರಾಯ.

ಚೀನದ ಶಕುನವಿದ್ಯೆಯ ಅತ್ಯಂತ ಪ್ರಾಚೀನ ಲಿಖಿತ ಸಾಕ್ಷ್ಯಗಳು ಷಾಂಗ್ ವಂಶದ ಕೊನೆಯ ರಾಜಧಾನಿಯಾಗಿದ್ದ ಆನ್‌ಯಾಂಗ್ ಪ್ರದೇಶದಲ್ಲಿ ದೊರೆತಿವೆ. ಔಷಧಕ್ಕಾಗಿ ಮಾರಾಟವಾಗುತ್ತಿದ್ದ ಹಳೆಯ ಎಲುಬಿನ ಚೂರುಗಳ ಮೇಲಿರುವುದು ಅಕ್ಷರಗಳೆಂಬುದನ್ನು 1899ರಲ್ಲಿ ವಾಂಗ್ ಯೀರುಂಗ್ ಎಂಬ ವಿದ್ವಾಂಸರು ಗುರುತಿಸಿದರು. 1928ರಿಂದ ಅಲ್ಲಿ ಶಾಸ್ತ್ರೀಯ ಉತ್ಖನನ ನಡೆಯಿತು. ಇದುವರೆಗೆ ದೊರೆತಿರುವ ಬರಹವುಳ್ಳ ಚೂರುಗಳ ಸಂಖ್ಯೆ ಸುಮಾರು 1,50,000. ಆಮೆಯ ಹೊಟ್ಟೆಯ ಚಿಪ್ಪನ್ನೋ ಎತ್ತಿನ ಹೆಗಲೆಲುಬನ್ನೋ ಹದಮಾಡಿ, ಹಿಂಬದಿಯಲ್ಲಿ ಸಣ್ಣ ಸಣ್ಣ ಗುಳಿಗಳನ್ನು ಕೊರೆದು, ಆ ಗುಳಿಗಳಿಗೆ ಕೆಂಡದಂತೆ ಕಾದ ಕಡ್ಡಿಯನ್ನು ಒತ್ತುತ್ತಿದ್ದರು. ಮುಂಬದಿಯಲ್ಲಿ ಬಿರುಕು ಮೂಡುತ್ತಿತ್ತು. ಚೀನೀ ಭಾಷೆಯಲ್ಲಿ ಶಕುನ ನೋಡುವುದಕ್ಕಿರುವ ‘ಪು’ ಎಂಬ ಅಕ್ಷರದ ಆಕಾರವೇ ಅಂತಹ ಬಿರುಕಿನ ಚಿತ್ರ: ಒಂದು ನೆಟ್ಟಗಿನ ಗೆರೆ, ಅದರಿಂದ ಹೊರಟ ಒಂದು ಕೊಂಬೆ. ಬಿರುಕನ್ನು ನೋಡಿ ಶುಭಾಶುಭವನ್ನು ಹೇಳುವ ಅಧಿಕಾರ ಬಹುಮಟ್ಟಿಗೆ ಸ್ವತಃ ರಾಜನದಾಗಿತ್ತು. ಬಳಿಕ ವಿಷಯವನ್ನು ಅದೇ ಚಿಪ್ಪಿನ ಮೇಲೆ ಕೆತ್ತಿಡುತ್ತಿದ್ದರು. ಕೆಲವೊಮ್ಮೆ ಮುಂದೆ ನಡೆದ ಸಂಗತಿಯನ್ನೂ ಸೇರಿಸುತ್ತಿದ್ದರು.

ಇಂತಹ ಬರಹಗಳಲ್ಲಿ ವೂ ತಿಂಗ್ ರಾಜನ ಪತ್ನಿ ಫೂ ಹಾವ್ ಎಂಬಾಕೆಯ ಹೆರಿಗೆಯನ್ನು ಕುರಿತ ಒಂದು ಬರಹ ಪ್ರಸಿದ್ಧವಾಗಿದೆ. ಷಾಂಗ್ ಪಂಚಾಂಗದಲ್ಲಿ ಹತ್ತು ದಿನಗಳದು ಒಂದು ವಾರ. ಹೆರಿಗೆ ತಿಂಗ್ ದಿನವಾದರೆ ಒಳ್ಳೆಯದು, ಕೆಂಗ್ ದಿನವಾದರೆ ಬಹು ಶುಭ ಎಂದು ರಾಜನು ಬಿರುಕನ್ನು ನೋಡಿ ಹೇಳಿದನು. ಮೂವತ್ತೊಂದನೆಯ ದಿನ, ರಾಜನು ಹೇಳಿದ ಎರಡು ದಿನಗಳಲ್ಲಿ ಯಾವುದೂ ಅಲ್ಲದ ಚಿಯಾ ದಿನದಂದು, ಹೆರಿಗೆಯಾಯಿತು. ಫಲ ಶುಭವಾಗಲಿಲ್ಲ, ಹೆಣ್ಣು ಎಂದು ಬರಹ ಮುಗಿಯುತ್ತದೆ. ಇದೇ ಫೂ ಹಾವ್ ಸೇನೆಯನ್ನು ನಡೆಸಿದ ವೀರವನಿತೆಯೆಂದು ಬೇರೆ ಚಿಪ್ಪುಗಳಿಂದ ತಿಳಿಯುತ್ತದೆ. ಆಕೆಯ ಸಮಾಧಿ 1976ರಲ್ಲಿ ಅಖಂಡವಾಗಿ ದೊರೆಯಿತು. ಅದಂತಿರಲಿ, ಈ ಬರಹದಲ್ಲಿ ಸಂಕೇತವೆಂಬುದಿಲ್ಲ, ಉಪದೇಶವಂತೂ ಇಲ್ಲವೇ ಇಲ್ಲ. ಒಂದು ವಿಷಯ, ಅದಕ್ಕಾಗಿಯೇ ಹುಟ್ಟಿಸಿದ ಒಂದು ಬಿರುಕು, ಅದಕ್ಕೊಂದು ಫಲ. ಕೇಳಿದವನು ಎಂಥವನು ಎಂಬ ವಿಚಾರಕ್ಕೆ ಇಲ್ಲಿ ಎಡೆಯಿಲ್ಲ.

ಕ್ರಿ.ಪೂ. 11ನೆಯ ಶತಮಾನದ ನಡುಭಾಗದಲ್ಲಿ ಷಾಂಗರನ್ನು ಸೋಲಿಸಿ ರಾಜ್ಯಕ್ಕೆ ಬಂದ ಚೌ ವಂಶದವರಲ್ಲಿ ಆಮೆಚಿಪ್ಪಿನೊಡನೆ ಮತ್ತೊಂದು ವಿಧಾನವೂ ಪ್ರಬಲವಾಯಿತು. ‘ಷೀ’ ಎಂಬ ಗಿಡದ ಒಣಗಿದ ಕಡ್ಡಿಗಳನ್ನು ಎಣಿಸಿ ಸಂಖ್ಯೆಗಳನ್ನು ಪಡೆಯುವುದು ಆ ವಿಧಾನ. ಸಂಖ್ಯೆಗಳಿಂದ ಆರು ಗೆರೆಗಳ ಆಕೃತಿ ಏರ್ಪಡುತ್ತದೆ; ಗೆರೆ ಅಖಂಡವಾಗಿರಬಹುದು, ನಡುವೆ ತುಂಡಾಗಿರಬಹುದು. ಹೀಗೆ ಒಟ್ಟು 64 ಷಡ್ರೇಖಾಕೃತಿಗಳು. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಒಟ್ಟು ವಾಕ್ಯ, ಒಂದೊಂದು ಗೆರೆಗೂ ಒಂದೊಂದು ವಾಕ್ಯ. ಈ ವಾಕ್ಯಗಳ ಸಂಗ್ರಹವೇ ಮೂಲ ಯೀ; ಅದು ಈಗಿನ ರೂಪಕ್ಕೆ ಬಂದುದು ಕ್ರಿ.ಪೂ. 800ರ ಸುಮಾರಿಗೆ ಇರಬೇಕೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಕಡ್ಡಿ ಎಣಿಸುವ ಕ್ರಮವನ್ನು ಗ್ರಂಥದ ಅನುಬಂಧವೊಂದು ಸಂಕ್ಷೇಪವಾಗಿ ಹೇಳಿದೆ. 12ನೆಯ ಶತಮಾನದಲ್ಲಿ ಚೂ ಷೀ ಅದನ್ನು ವಿಶದಪಡಿಸಿದನು. 50 ಕಡ್ಡಿಗಳಲ್ಲಿ ಒಂದನ್ನು ಪಕ್ಕಕ್ಕಿಟ್ಟು ಉಳಿದ 49ನ್ನು ಎರಡು ರಾಶಿ ಮಾಡಿ, ಒಂದು ಕಡ್ಡಿಯನ್ನು ಬೆರಳ ಸಂದಿಗೆ ಸಿಕ್ಕಿಸಿ, ರಾಶಿಗಳನ್ನು ನಾಲ್ಕು ನಾಲ್ಕಾಗಿ ಎಣಿಸಿ ಶೇಷವನ್ನು ತೆಗೆದಿಡಬೇಕು. ಮೂರು ಸಲ ಹೀಗೆ ಮಾಡಿದರೆ ಒಂದು ಗೆರೆ; ಹದಿನೆಂಟು ಸಲ ಮಾಡಿದರೆ ಪೂರ್ಣಾಕೃತಿ. ಕೊನೆಗೆ ದೊರೆಯುವ 6, 7, 8, 9 ಎಂಬ ಅಂಕಗಳಲ್ಲಿ 6 ಮತ್ತು 9 ಬಂದ ಗೆರೆಗಳು ‘ಬದಲಾಗುವ’ ಗೆರೆಗಳು. 6 ಬರುವ ಸಂಭವ ಹದಿನಾರರಲ್ಲಿ ಒಂದು, 9ರದು ಮೂರು, 7ರದು ಐದು, 8ರದು ಏಳು. ತರುವಾಯ ರೂಢಿಗೆ ಬಂದ ಮೂರು ನಾಣ್ಯಗಳ ಸುಲಭವಿಧಾನದಲ್ಲಿ ಈ ಪ್ರಮಾಣ ಬೇರೆಯಾಗುತ್ತದೆ. ನಾಣ್ಯ ಚಿಮ್ಮುವವರು ಇದನ್ನು ಗಮನಿಸಿದಂತೆ ಕಾಣುವುದಿಲ್ಲ!

64 ಎಂಬ ಸಂಖ್ಯೆ ನಮ್ಮ ದೇಶದ ವಿದ್ಯಾರ್ಥಿಗೆ ಬೇರೊಂದು ಗ್ರಂಥವನ್ನು ನೆನಪಿಗೆ ತರಬಹುದು. 1890ರಲ್ಲಿ ಮಧ್ಯ ಏಷ್ಯದ ಕುಚಾ ಎಂಬಲ್ಲಿ ದೊರೆತ, ಬೋವರ್ ಹಸ್ತಪ್ರತಿಯೆಂದು ಹೆಸರಾದ ಭೂರ್ಜಪತ್ರದ ಸಂಸ್ಕೃತ ಗ್ರಂಥದಲ್ಲಿ ಪಾಶಕಕೇವಲಿಯ ಭಾಗಗಳಿವೆ. ನಾಲ್ಕು ಮುಖಗಳ ದಾಳದಿಂದ ಮೂರು ಅಂಕಗಳನ್ನು ಪಡೆಯುವ ಆ ಪದ್ಧತಿಯಲ್ಲಿಯೂ 64 ಬಗೆಯ ಫಲಗಳು ಸಾಧ್ಯ. ಕುಚಾ ಭಾರತ ಚೀನಗಳ ನಡುವಣ ವಣಿಕ್ಪಥದಲ್ಲಿದ್ದ ಊರು. ಆದರೂ ಸಂಖ್ಯೆಯೊಂದರ ಸಾಮ್ಯದಿಂದ ಸಂಬಂಧವನ್ನು ಕಲ್ಪಿಸುವುದು ಯುಕ್ತವಲ್ಲ. ನಾಲ್ಕನ್ನು ಮೂರು ಬಾರಿ ಗುಣಿಸಿದರೂ ಎರಡನ್ನು ಆರು ಬಾರಿ ಗುಣಿಸಿದರೂ ಬರುವ ಮೊತ್ತ ಒಂದೇ. ಇದು ಗಣಿತದ ಸಂಗತಿ, ಇತಿಹಾಸದ್ದಲ್ಲ.

ಇನ್ನು ವಾಕ್ಯಗಳ ಸ್ವರೂಪವನ್ನು ನೋಡೋಣ. ಅವುಗಳಲ್ಲಿ ತತ್ತ್ವವಿಚಾರವನ್ನು ನಿರೀಕ್ಷಿಸಿ ಹೋದವನಿಗೆ ಮೊದಲು ನಿರಾಶೆಯಾಗುತ್ತದೆ. ಕಳೆದುಹೋದ ಕುರಿ, ನದಿ ದಾಟುವ ನರಿಮರಿ, ಮುರಿದ ಬಂಡಿ, ದಡಕ್ಕೆ ಬಂದ ಕಾಡು ಹಂಸ, ಮದುವೆಯ ದಿಬ್ಬಣ, ಸೆರೆಯಾಳು, ಹೀಗೆ ಬದುಕಿನ ಚಿತ್ರಗಳು. ಅವುಗಳ ಬೆನ್ನಿಗೆ ಶುಭ, ಅಶುಭ, ದೋಷವಿಲ್ಲ ಎಂಬ ಚಿಕ್ಕ ತೀರ್ಪುಗಳು. ಇವುಗಳಲ್ಲಿ ಕೆಲವು ಹಳೆಯ ಐತಿಹಾಸಿಕ ಘಟನೆಗಳ ಅವಶೇಷಗಳೆಂಬುದನ್ನು 1929ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಕೂ ಚಿಯೆಕಾಂಗ್ ಎಂಬ ಇತಿಹಾಸಕಾರರು ತೋರಿಸಿಕೊಟ್ಟರು. 35ನೆಯ ಆಕೃತಿಯ ವಾಕ್ಯದಲ್ಲಿ ಕುದುರೆಗಳ ಪ್ರಸ್ತಾಪದೊಡನೆ ‘ಕಾಂಗ್ ಹೌ’ ಎಂಬ ಮಾತು ಬರುತ್ತದೆ. ಕಾಂಗ್ ಎಂದರೆ ಕ್ಷೇಮ, ಹೌ ಎಂದರೆ ಸಾಮಂತ. ಆದುದರಿಂದ ಪ್ರಾಚೀನ ಭಾಷ್ಯಕಾರರು ಇದನ್ನು ದೇಶಕ್ಕೆ ಕ್ಷೇಮವನ್ನುಂಟುಮಾಡುವ ಆದರ್ಶ ಸಾಮಂತನೆಂದು ಅರ್ಥಮಾಡಿ, ಅದರಿಂದ ರಾಜಧರ್ಮದ ಪಾಠವನ್ನು ತೆಗೆದಿದ್ದರು. ಆದರೆ ಅದು ಚೌ ವೂ ರಾಜನ ತಮ್ಮನೊಬ್ಬನ ಅಂಕಿತನಾಮ. ಆ ಹೆಸರುಳ್ಳ ಕಂಚಿನ ಪಾತ್ರೆಯೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಒಬ್ಬ ವ್ಯಕ್ತಿಯ ಹೆಸರು ಮರೆತುಹೋದಾಗ ಅವನು ಗುಣವಾಚಕವಾಗಿ ಉಳಿದುಬಂದನು.

ಶಬ್ದಾರ್ಥದ ಚರಿತ್ರೆಯಲ್ಲಿ ಇದಕ್ಕಿಂತಲೂ ಮಹತ್ತ್ವದ ಉದಾಹರಣೆ ‘ಚೆನ್’ ಎಂಬ ಮಾತಿನದು. ಯೀ ಗ್ರಂಥದ ಮೊದಲ ಆಕೃತಿಯ ವಾಕ್ಯದಲ್ಲಿ ಯುವಾನ್, ಹೆಂಗ್, ಲೀ, ಚೆನ್ ಎಂಬ ನಾಲ್ಕೇ ಅಕ್ಷರಗಳಿವೆ. ಸಂಪ್ರದಾಯದಲ್ಲಿ ಇವು ನಾಲ್ಕು ಸದ್ಗುಣಗಳು; ಚೆನ್ ಎಂದರೆ ಸ್ಥೈರ್ಯ, ಋಜುತ್ವ. ಆನ್‌ಯಾಂಗಿನ ಚಿಪ್ಪುಗಳ ಮೇಲಾದರೋ ಚೆನ್ ಎಂಬುದು ಮತ್ತೆ ಮತ್ತೆ ಬರುವ ಪಾರಿಭಾಷಿಕ ಪದ. ಅಲ್ಲಿ ಅದರ ಅರ್ಥ ಶಕುನದ ಮೂಲಕ ಕೇಳುವುದು, ಪರೀಕ್ಷಿಸುವುದು. ಕ್ರಿ.ಶ. 100ರ ಸುಮಾರಿನಲ್ಲಿ ಷೂ ಷೆನ್ ರಚಿಸಿದ ನಿಘಂಟು ಕೂಡ ಈ ಹಳೆಯ ಅರ್ಥವನ್ನೇ ಕೊಟ್ಟಿದೆ. ಹಾಗಾದರೆ ಆ ನಾಲ್ಕು ಅಕ್ಷರಗಳ ಮೂಲಾಶಯ, ಮಹಾಪೂಜೆಯು ಸ್ವೀಕೃತವಾಗುವುದು, ಕೇಳುವುದಕ್ಕೆ ಇದು ಅನುಕೂಲಸಮಯ ಎಂಬಷ್ಟೇ ಆಗಿದ್ದಿರಬೇಕು. ಕೇಳುವ ಕ್ರಿಯೆಗಿದ್ದ ಹೆಸರು ಕೇಳುವವನಲ್ಲಿರಬೇಕಾದ ಗುಣದ ಹೆಸರಾಯಿತು. ಈ ಗ್ರಂಥದ ಚರಿತ್ರೆಯೆಲ್ಲ ಈ ಒಂದು ಪದದಲ್ಲಿ ಅಡಗಿದೆ ಎಂದರೂ ತಪ್ಪಾಗದು.

ಈ ಪರಿವರ್ತನೆಗೆ ಕಾರಣವೇನು? ಆಮೆಚಿಪ್ಪಿನ ಶಕುನದಲ್ಲಿ ಬಿರುಕು ಪ್ರಶ್ನೆಯ ಅನಂತರ, ಆ ಪ್ರಶ್ನೆಗಾಗಿಯೇ ಹುಟ್ಟುತ್ತದೆ. ಯೀ ಗ್ರಂಥದಲ್ಲಿಯಾದರೋ ಉತ್ತರ ಪ್ರಶ್ನೆಗಿಂತ ಎಷ್ಟೋ ಮೊದಲೇ ಬರೆದಿಟ್ಟುದು. ಕೇಳುವವನು ಮದುವೆಯನ್ನೋ ದಂಡಯಾತ್ರೆಯನ್ನೋ ಕುರಿತು ಕೇಳುತ್ತಾನೆ. ದೊರೆಯುವುದು ಹಂಸದ ಅಥವಾ ಬಾವಿಯ ಮಾತು. ಇವೆರಡನ್ನೂ ಕೂಡಿಸುವವನು ಒಬ್ಬ ಬೇಕು. ಈ ಚಿತ್ರ ಈ ಮನುಷ್ಯನಿಗೆ, ಈ ಕಾರ್ಯಕ್ಕೆ ಹೊಂದುವುದೇ ಎಂದು ಅವನು ತೂಗಿನೋಡಲೇಬೇಕು. ಹಾಗೆ ತೂಗುವಾಗ ಕೇಳಿದವನ ಯೋಗ್ಯತೆ, ಅವನ ಉದ್ದೇಶದ ಶುದ್ಧಿ ಇವು ತಕ್ಕಡಿಯೊಳಕ್ಕೆ ಬಂದೇ ಬರುತ್ತವೆ. ನೀತಿ ಇಲ್ಲಿ ಹೊರಗಿನಿಂದ ಬಂದುದಲ್ಲ. ವ್ಯಾಖ್ಯಾನದ ಅವಶ್ಯಕತೆಯಿಂದ ಹುಟ್ಟಿದುದು.

ಹೀಗೆ ನಡೆದ ವ್ಯಾಖ್ಯಾನಗಳ ಕಥೆಗಳನ್ನು ‘ತ್ಸೋ ಚುವಾನ್’ ಎಂಬ ಇತಿಹಾಸಗ್ರಂಥ ಉಳಿಸಿಕೊಟ್ಟಿದೆ. ಕ್ರಿ.ಪೂ. 530ರಲ್ಲಿ ಲೂ ರಾಜ್ಯದ ಪೀ ಎಂಬ ಕೋಟೆಯ ಪಾರುಪತ್ಯಗಾರನಾದ ನಾನ್ ಕುಐ ತನ್ನ ಒಡೆಯರ ಮೇಲೆ ದಂಗೆಯೇಳಲು ಹವಣಿಸುತ್ತಿದ್ದನು. ವಿಷಯವನ್ನು ಹೊರಗೆಡಹದೆ ಕಡ್ಡಿಗಳನ್ನು ಎಣಿಸಿದನು. ಎರಡನೆಯ ಆಕೃತಿಯಾದ ‘ಕುನ್’ನ ಐದನೆಯ ಗೆರೆ ಬಂದಿತು, ಅದರ ಚಿತ್ರ ಹಳದಿಯ ಕೆಳವಸ್ತ್ರ, ತೀರ್ಪು ಪರಮಶುಭ. ಹಿಗ್ಗಿಹೋದ ಅವನು ಅದನ್ನು ತ್ಸುಫೂ ಹುಯಿಪೋ ಎಂಬ ಅಧಿಕಾರಿಗೆ ತೋರಿಸಿ, ಒಂದು ಕಾರ್ಯವನ್ನು ಮಾಡಬೇಕೆಂದಿದ್ದೇನೆ, ಹೇಗೆ ಎಂದು ಕೇಳಿದನು. ಹುಯಿಪೋ ಕೊಟ್ಟ ಉತ್ತರ ಗಮನಾರ್ಹವಾದುದು. ಹಳದಿ ನಡುವಿನ ಬಣ್ಣ, ಅದು ಅಂತರಂಗದ ನಿಷ್ಠೆಯನ್ನು ಹೇಳುತ್ತದೆ; ಕೆಳವಸ್ತ್ರ ಕೆಳಗಿರುವವನಿಗೆ ತಕ್ಕ ಉಡುಗೆ, ಅದು ವಿಧೇಯತೆಯನ್ನು ಹೇಳುತ್ತದೆ; ಪರಮಶುಭವೆಂಬುದು ಒಳಿತಿನ ಶಿಖರ. ಈ ಗುಣಗಳಿದ್ದವನಿಗೆ ಈ ವಾಕ್ಯ ಸಲ್ಲುತ್ತದೆ. ಇಲ್ಲದವನಿಗೆ ಕಡ್ಡಿಗಳು ಶುಭವೆಂದರೂ ಕಾರ್ಯ ಕೆಡುತ್ತದೆ. ಅಪಾಯಕಾರಿಯಾದ ದುಷ್ಕಾರ್ಯವನ್ನು ಕುರಿತು ಯೀಯನ್ನು ಕೇಳಲಾಗದು ಎಂಬುದು ಅವನ ಮಾತಿನ ಸಾರ. ನಾನ್ ಕುಐ ಕೇಳಲಿಲ್ಲ. ದಂಗೆ ವಿಫಲವಾಗಿ ಎರಡು ವರ್ಷಗಳ ಬಳಿಕ ಅವನು ಚೀ ರಾಜ್ಯಕ್ಕೆ ಓಡಿಹೋಗಬೇಕಾಯಿತು. ಶುಭಶಕುನವೇ ಇಲ್ಲಿ ದೋಷಾರೋಪಣೆಯಾಗಿ ಮಾರ್ಪಟ್ಟಿದೆ ಎಂಬುದನ್ನು ಗಮನಿಸಬೇಕು.

ಇದಕ್ಕಿಂತ ಹೃದಯಸ್ಪರ್ಶಿಯಾದುದು ಅದೇ ಲೂ ರಾಜ್ಯದ ರಾಜಮಾತೆ ಮೂ ಚಿಯಾಂಗಳ ಕಥೆ. ಅನ್ಯಪುರುಷನೊಬ್ಬನೊಡನೆ ಸಂಬಂಧ ಬೆಳೆಸಿ, ಅವನೊಡಗೂಡಿ ರಾಜ್ಯದ ಪ್ರಬಲ ಮನೆತನಗಳನ್ನು ಉರುಳಿಸಲು ಸಂಚು ಮಾಡಿದ ಆಕೆಯನ್ನು ಪೂರ್ವದ ಅರಮನೆಯಲ್ಲಿ ಇರಿಸಿದ್ದರು. ಅಲ್ಲಿಗೆ ಹೋದ ಹೊಸತರಲ್ಲಿ ಆಕೆ ಶಕುನ ನೋಡಿಸಿದಳು. ಬಂದ ಆಕೃತಿಯನ್ನು ಆಸ್ಥಾನದ ಲಿಪಿಕಾರನು ‘ಸುಯಿ’ ಎಂಬುದಕ್ಕೆ ಒಯ್ದು, ಇದು ಹೊರಹೋಗುವ ಸೂಚನೆ, ತಾವು ಬೇಗನೆ ಹೊರಬರುವಿರಿ ಎಂದನು. ಸೆರೆಯಲ್ಲಿದ್ದ ಮುದುಕಿಗೆ ಇದಕ್ಕಿಂತ ಇಷ್ಟವಾದ ಮಾತು ಯಾವುದಿದ್ದೀತು? ಆದರೆ ಆಕೆ ಒಪ್ಪಲಿಲ್ಲ. ಸುಯಿ ಆಕೃತಿಗೆ ಯೀ ಗ್ರಂಥ ದೋಷವಿಲ್ಲವೆಂದು ಹೇಳಿರುವುದು ಆ ನಾಲ್ಕು ಅಕ್ಷರಗಳನ್ನು ಮುಂದಿಟ್ಟುಕೊಂಡು. ನಾಲ್ಕನ್ನೂ ಆಕೆ ಒಂದೊಂದಾಗಿ ತನ್ನ ಬಾಳಿಗೆ ಹಿಡಿದು ನೋಡಿದಳು: ರಾಜ್ಯದಲ್ಲಿ ಕಲಹವೆಬ್ಬಿಸಿದ ನನ್ನಲ್ಲಿ ಮೊದಲನೆಯದಿಲ್ಲ, ನಾಡಿಗೆ ನೆಮ್ಮದಿಯನ್ನು ತಾರದವಳಲ್ಲಿ ಎರಡನೆಯದಿಲ್ಲ, ನನ್ನ ಕೃತ್ಯದಿಂದ ನನಗೇ ಕೇಡನ್ನು ತಂದುಕೊಂಡೆ, ಮೂರನೆಯದಿಲ್ಲ, ಸ್ಥಾನವನ್ನು ಮರೆತು ಕಾಮಕ್ಕೊಳಗಾದೆ, ನಾಲ್ಕನೆಯದಿಲ್ಲ. ನಾಲ್ಕೂ ಇಲ್ಲದವಳಿಗೆ ಆ ಆಕೃತಿ ಸಲ್ಲದು, ನಾನು ಇಲ್ಲಿಯೇ ಸಾಯುವೆನು, ಹೊರಬರಲಾರೆನು ಎಂದಳು. ಕ್ರಿ.ಪೂ. 564ರಲ್ಲಿ ಅದೇ ಅರಮನೆಯಲ್ಲಿ ಆಕೆ ತೀರಿಕೊಂಡಳು.

ಇಲ್ಲಿ ನಾಲ್ಕು ಅಕ್ಷರಗಳಿಗೆ ಆಕೆ ಹೇಳುವ ಅರ್ಥವಿವರಣೆ ಯೀ ಗ್ರಂಥದ ‘ವೆನ್‌ಯೆನ್’ ಎಂಬ ಅನುಬಂಧದಲ್ಲಿಯೂ ಬಹುಮಟ್ಟಿಗೆ ಹಾಗೆಯೇ ಇದೆ. ಸಂಪ್ರದಾಯ ಆ ಅನುಬಂಧವನ್ನು ಕನ್‌ಫ್ಯೂಷಿಯಸನ ಕೃತಿಯೆಂದು ನಂಬಿತ್ತು. ಅವನು ಹುಟ್ಟಿದ್ದು ಕ್ರಿ.ಪೂ. 551ರಲ್ಲಿ; ಮೂ ಚಿಯಾಂಗ್ ಸತ್ತದ್ದು ಅದಕ್ಕಿಂತ ಮುಂಚೆ. 11ನೆಯ ಶತಮಾನದಲ್ಲಿ ಔಯಾಂಗ್ ಷಿಯು ಈ ಅಸಾಂಗತ್ಯವನ್ನು ಎತ್ತಿತೋರಿಸಿ ಅನುಬಂಧಗಳ ಕರ್ತೃತ್ವವನ್ನು ಶಂಕಿಸಿದನು. ಸಂಪ್ರದಾಯನಿಷ್ಠನಾದ ರಾಜ್ಯಾಧಿಕಾರಿಯೊಬ್ಬನು ಇಂತಹ ಧೈರ್ಯವನ್ನು ತೋರಿದುದು ಪ್ರಶಂಸನೀಯ. ತ್ಸೋ ಚುವಾನ್ ಈಗಿನ ರೂಪ ಪಡೆದದ್ದು ಕ್ರಿ.ಪೂ. 4ನೆಯ ಶತಮಾನದಲ್ಲಿ ಎಂಬ ಅಭಿಪ್ರಾಯವಿರುವುದರಿಂದ, ರಾಜಮಾತೆಯ ಮಾತುಗಳು ಅಕ್ಷರಶಃ ಆಕೆಯವೇ ಎಂದು ಹಟಹಿಡಿಯಬೇಕಾಗಿಲ್ಲ. ಆ ಶತಮಾನದ ವಾಚಕರು ಶಕುನವನ್ನು ಹೇಗೆ ಗ್ರಹಿಸುತ್ತಿದ್ದರೆಂಬುದಕ್ಕೆ ಅದು ಪ್ರಬಲ ಸಾಕ್ಷ್ಯ. ನಮಗೆ ಅಷ್ಟು ಸಾಕು.

1973ರಲ್ಲಿ ಛಾಂಗ್‌ಷಾ ನಗರದ ಬಳಿಯ ಮಾವಾಂಗ್‌ತುಯಿಯಲ್ಲಿ, ಕ್ರಿ.ಪೂ. 168ರ ಸಮಾಧಿಯಲ್ಲಿ ದೊರೆತ ರೇಷ್ಮೆಯ ಹಸ್ತಪ್ರತಿ ಈ ವಿಷಯಕ್ಕೆ ಹೊಸ ಬೆಳಕನ್ನು ಚೆಲ್ಲಿದೆ. ಅದರಲ್ಲಿ ಆಕೃತಿಗಳ ಕ್ರಮವೇ ಬೇರೆ. ಜೊತೆಗಿರುವ ‘ಯಾವ್’ ಎಂಬ ಬರಹದಲ್ಲಿ, ವೃದ್ಧಾಪ್ಯದಲ್ಲಿ ಯೀಯನ್ನು ಕೈಬಿಡದೆ ಓದುವ ಕನ್‌ಫ್ಯೂಷಿಯಸನನ್ನು ಅವನ ಶಿಷ್ಯ ತ್ಸುಕುಂಗ್ ಆಕ್ಷೇಪಿಸುತ್ತಾನೆ. ಗುರುವು ತಾನೂ ಶಕುನ ನೋಡುವುದುಂಟೆಂದೂ ನೂರಕ್ಕೆ ಎಪ್ಪತ್ತು ಸರಿಹೋಗುತ್ತವೆಂದೂ ಒಪ್ಪಿಕೊಂಡು, ಆದರೆ ತಾನು ಅದರಲ್ಲಿ ಅರಸುವುದು ಶೀಲವನ್ನೂ ಅರ್ಥವನ್ನೂ ಎಂದು ಹೇಳುತ್ತಾನೆ. ಶಕುನಿಗರಿಗೂ ತನಗೂ ದಾರಿಯೊಂದೇ, ಸೇರುವ ಊರು ಬೇರೆ ಎಂಬುದು ಅವನ ನಿಲುವು. ಕ್ರಿ.ಪೂ. 3ನೆಯ ಶತಮಾನದ ಷುನ್‌ತ್ಸು ಇನ್ನೂ ಮುಂದೆ ಹೋಗಿ, ಯೀಯನ್ನು ಚೆನ್ನಾಗಿ ಬಲ್ಲವನು ಶಕುನ ನೋಡುವುದೇ ಇಲ್ಲ ಎಂದುಬಿಟ್ಟನು.

ಚಿತ್ರವೊಂದು ಜೀವನದ ಪಾಠವಾಗಿ ಬೆಳೆಯುವ ರೀತಿಗೆ 48ನೆಯ ಆಕೃತಿಯಾದ ‘ಚಿಂಗ್’, ಎಂದರೆ ಬಾವಿ, ಉತ್ತಮ ನಿದರ್ಶನ. ನೀರಿನ ಸಂಕೇತ ಮೇಲೆ, ಮರದ ಸಂಕೇತ ಕೆಳಗೆ. ಮರದ ಬಾನಿ ನೀರಿನೊಳಗಿಳಿದು ಅದನ್ನು ಮೇಲಕ್ಕೆ ತರುವುದೆಂದು ಕೆಲವರು ವಿವರಿಸುತ್ತಾರೆ. ಊರನ್ನು ಬೇರೆಡೆಗೆ ಸಾಗಿಸಬಹುದು, ಬಾವಿಯನ್ನು ಸಾಗಿಸಲಾಗದು ಎಂಬುದು ಒಟ್ಟು ವಾಕ್ಯದ ಮೊದಲ ಭಾವ. ಹಗ್ಗ ಇನ್ನೇನು ನೀರಿಗೆ ಮುಟ್ಟಬೇಕೆನ್ನುವಾಗ ಕೊಡ ಒಡೆದರೆ ಅಶುಭ ಎಂಬುದು ಕೊನೆಯದು. ಗೆರೆಗಳನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಓದಬೇಕು. ಇಲ್ಲಿ ಹಾಗೆ ಓದುವುದೆಂದರೆ ಬಾವಿಯ ತಳದಿಂದ ಕಟ್ಟೆಯವರೆಗೆ ಏರಿಬಂದಂತೆ. ಮೊದಲ ಗೆರೆಯಲ್ಲಿ ಬಾವಿ ಹೂಳು ತುಂಬಿ ಹಕ್ಕಿಗಳೂ ಸುಳಿಯದಷ್ಟು ಪಾಳುಬಿದ್ದಿದೆ. ಎರಡನೆಯದರಲ್ಲಿ ಸ್ವಲ್ಪ ನೀರಿದೆ, ಮೀನುಗಳಿವೆ, ಕೊಡ ಮಾತ್ರ ಸೋರುತ್ತದೆ. ಮೂರನೆಯದರಲ್ಲಿ ಹೂಳು ತೆಗೆದಿದೆ, ನೀರು ತಿಳಿಯಾಗಿದೆ, ಆದರೂ ಕುಡಿಯುವವರಿಲ್ಲ. ಇಲ್ಲಿ ಇದ್ದಕ್ಕಿದ್ದಂತೆ ಗ್ರಂಥದ ದನಿ ಬದಲಾಗಿ, ಹೃದಯದ ವ್ಯಥೆಯ ಮಾತು ಬರುತ್ತದೆ. ಅರಸನು ತಿಳಿವಳಿಕೆಯುಳ್ಳವನಾದರೆ ಎಲ್ಲರಿಗೂ ಅದರ ಫಲವುಂಟೆಂಬ ಆಶಯ ಸೇರಿಕೊಳ್ಳುತ್ತದೆ. ನಾಲ್ಕನೆಯದರಲ್ಲಿ ಬಾವಿಯ ಗೋಡೆಯನ್ನು ಕಟ್ಟುತ್ತಾರೆ. ಕಟ್ಟುವಷ್ಟು ಕಾಲ ನೀರು ಸೇದುವಂತಿಲ್ಲ, ಆದರೂ ದೋಷವಿಲ್ಲ. ಐದನೆಯದು ತಣ್ಣನೆಯ ಸೆಲೆಯ ನೀರು. ಆರನೆಯದು ಬಾವಿಯ ಬಾಯಿಯನ್ನು ಮುಚ್ಚಬಾರದೆಂಬ ವಿಧಿ.

ಬಾವಿಯನ್ನು ಕಂಡವರೇ ಬರೆದ ವಾಕ್ಯಗಳಿವು. ಹೂಳು, ಸೋರುವ ಕೊಡ, ಒಳಗೋಡೆಯ ದುರಸ್ತಿ ಇವುಗಳಲ್ಲಿ ಕಲ್ಪನೆಯ ಅಲಂಕಾರವೇನೂ ಇಲ್ಲ. ಹೀಗಿದ್ದರೂ ಮೂರನೆಯ ಗೆರೆಯನ್ನು ಇತಿಹಾಸಕಾರ ಸುಮಾ ಚಿಯೆನ್ ಕ್ರಿ.ಪೂ. 1ನೆಯ ಶತಮಾನದ ಆರಂಭದಲ್ಲಿ ಚೂ ರಾಜ್ಯದ ಕವಿ ಮಂತ್ರಿ ಚ್ಯೂ ಯುವಾನನ ಚರಿತ್ರೆಯಲ್ಲಿ ಉದ್ಧರಿಸಿದ್ದಾನೆ. ನಿಷ್ಠಾವಂತನಾದ ಮಂತ್ರಿಯ ಮಾತನ್ನು ಕೇಳದ ಹುಐ ರಾಜನು ಶತ್ರುಗಳ ನಾಡಿನಲ್ಲಿ ಸೆರೆಯಾಗಿ ಸತ್ತನು; ಮಂತ್ರಿ ಮುಂದೆ ಮೀಲೋ ನದಿಗೆ ಹಾರಿ ಪ್ರಾಣಬಿಟ್ಟನು. ಶುದ್ಧಮಾಡಿದ ಬಾವಿ ಯಾರೂ ಬಳಸದೆ ಉಳಿದ ಯೋಗ್ಯ ಪುರುಷನಾಯಿತು. ಮೂಲದಲ್ಲಿ ಈ ಅರ್ಥವಿತ್ತೇ ಎಂದರೆ, ಅರಸನ ಪ್ರಸ್ತಾಪ ಅಲ್ಲಿಯೇ ಇರುವುದರಿಂದ ಬೀಜರೂಪವಾಗಿ ಇತ್ತೆಂದೇ ಹೇಳಬೇಕು. ಬಾವಿ ಬಾಯಾರಿದವನ ಬಳಿಗೆ ನಡೆದುಹೋಗಲಾರದು. ಈ ಸಂಕೇತದ ಸತ್ತ್ವವೆಲ್ಲ ಅದರಲ್ಲಿದೆ. ಕಾಂಗ್ ಹೌವಿನ ವಿಷಯದಲ್ಲಿ ನೀತ್ಯರ್ಥ ಮರೆವಿನಿಂದ ಹುಟ್ಟಿದರೆ, ಇಲ್ಲಿ ಅದು ಚಿತ್ರದಿಂದಲೇ ಚಿಗುರಿದೆ. ಎರಡನ್ನೂ ಒಂದೇ ತೂಕದಲ್ಲಿಟ್ಟು ನೋಡುವುದು ಸರಿಯಲ್ಲ.

ಹೀಗೆಂದ ಮಾತ್ರಕ್ಕೆ ಹಳೆಯ ಬಳಕೆ ಅಳಿಯಿತೆಂದು ಭಾವಿಸಬಾರದು. ಕ್ರಿ.ಪೂ. 316ರಲ್ಲಿ ತೀರಿಕೊಂಡ ಚೂ ರಾಜ್ಯದ ಅಧಿಕಾರಿ ಷಾವ್ ತುವೋ ಎಂಬುವನ ಸಮಾಧಿ 1987ರಲ್ಲಿ ಪಾವ್‌ಷಾನಿನಲ್ಲಿ ತೆರೆಯಲ್ಪಟ್ಟಿತು. ಎದೆ ಹೊಟ್ಟೆಗಳ ಬೇನೆ, ಮೇಲುಸಿರು, ಊಟ ಸೇರದಿರುವುದು ಇವುಗಳನ್ನು ಕುರಿತು ಶಕುನಿಗರು ಮತ್ತೆ ಮತ್ತೆ ನೋಡಿ, ಬಲಿಪೂಜೆಗಳನ್ನು ಸೂಚಿಸಿದ ಬಿದಿರುಪಟ್ಟಿಗಳು ಅಲ್ಲಿ ದೊರೆತವು. ರೋಗಿಗೆ ಬೇಕಾದುದು ಶೀಲದ ಉಪದೇಶವಲ್ಲವಷ್ಟೆ. ಫೂಯಾಂಗಿನಲ್ಲಿ 1977ರಲ್ಲಿ ಸಿಕ್ಕಿದ, ಕ್ರಿ.ಪೂ. 165ರ ಸಮಾಧಿಯ ಯೀ ಪ್ರತಿಯಲ್ಲಿ ಪ್ರತಿ ಗೆರೆಯ ವಾಕ್ಯದ ಬೆನ್ನಿಗೆ ರೋಗ, ಮದುವೆ, ಪ್ರಯಾಣ, ಮಳೆ ಮುಂತಾದವುಗಳ ಫಲವನ್ನು ಜೋಡಿಸಿದೆ. ಮಾವಾಂಗ್‌ತುಯಿಯ ತತ್ತ್ವಚರ್ಚೆಗೂ ಇದಕ್ಕೂ ನಡುವೆ ಮೂರೇ ವರ್ಷಗಳ ಅಂತರ.

ಮುಂದಿನ ಭಾಷ್ಯಪರಂಪರೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಇಪ್ಪತ್ತಮೂರನೆಯ ವಯಸ್ಸಿಗೆ, ಕ್ರಿ.ಶ. 249ರಲ್ಲಿ ತೀರಿಕೊಂಡ ವಾಂಗ್ ಪೀ, ಹಾನ್ ಕಾಲದ ಸಂಖ್ಯಾಜಾಲವನ್ನು ಬದಿಗೊತ್ತಿ, ಅರ್ಥ ಕೈಗೂಡಿದ ಮೇಲೆ ಚಿತ್ರವನ್ನು ಬಿಡಬಹುದೆಂದು ಸಾಧಿಸಿದನು. 11ನೆಯ ಶತಮಾನದ ಚೆಂಗ್ ಯೀ ಗ್ರಂಥವನ್ನು ಕೇವಲ ನೀತಿಶಾಸ್ತ್ರವಾಗಿ ವ್ಯಾಖ್ಯಾನಿಸಿದನು. 1924ರಲ್ಲಿ ರಿಚರ್ಡ್ ವಿಲ್‌ಹೆಲ್ಮ್ ಪ್ರಕಟಿಸಿದ ಜರ್ಮನ್ ಅನುವಾದ, ಅದರಿಂದ 1950ರಲ್ಲಿ ಹೊರಬಂದ ಇಂಗ್ಲಿಷ್ ರೂಪ ಇವು ಈ ಪರಂಪರೆಯ ಮೇಲೆಯೇ ನಿಂತಿವೆ. ಆದುದರಿಂದ ಇಂಗ್ಲಿಷಿನ ಮೂಲಕ ಓದುವ ನಮ್ಮ ವಿದ್ಯಾರ್ಥಿಗಳಿಗೆ ಚೆನ್ ಎಂಬುದು ಮೊದಲಿನಿಂದಲೂ ಸ್ಥೈರ್ಯವೇ ಆಗಿತ್ತೆಂದು ತೋರುವುದು ಸಹಜ.

ಚೆಂಗ್ ಯೀಯನ್ನು ಬಹುವಾಗಿ ಗೌರವಿಸುತ್ತಿದ್ದ ಚೂ ಷೀ (1130–1200) ಈ ವಿಷಯದಲ್ಲಿ ಮಾತ್ರ ಅವನನ್ನು ಅನುಸರಿಸಲಿಲ್ಲ. ಯೀ ಮೂಲತಃ ಶಕುನದ ಪುಸ್ತಕ, ಅದನ್ನು ಮರೆತರೆ ವಾಕ್ಯಗಳು ಅರ್ಥವಾಗವು ಎಂದು ಅವನು ಶಿಷ್ಯರಿಗೆ ಮತ್ತೆ ಮತ್ತೆ ಹೇಳುತ್ತಿದ್ದನು. 1195ರಲ್ಲಿ ಹಾನ್ ತೋಚೌ ಎಂಬುವನು ಆಸ್ಥಾನದಲ್ಲಿ ಪ್ರಬಲನಾಗಿ ಪ್ರಧಾನಮಂತ್ರಿ ಚಾವ್ ಝೂಯೂನನ್ನು ದೇಶಾಂತರಕ್ಕೆ ಕಳುಹಿಸಿದಾಗ, ಚೂ ಷೀ ಚಕ್ರವರ್ತಿಗೆ ದೀರ್ಘವಾದ ವಿಜ್ಞಾಪನೆಯನ್ನು ಬರೆದು ಸಿದ್ಧಮಾಡಿದನು. ಅನಾಹುತವಾದೀತೆಂದು ಶಿಷ್ಯರು ತಡೆದರು, ಅವನು ಒಪ್ಪಲಿಲ್ಲ. ಕೊನೆಗೆ ತ್ಸೈ ಯುವಾನ್‌ತಿಂಗ್ ಎಂಬ ಶಿಷ್ಯನು ಕಡ್ಡಿಗಳಿಂದ ನಿರ್ಣಯಿಸೋಣವೆಂದನು. ಗೆಲ್ಲುವೆವೋ ಸೋಲುವೆವೋ ಎಂಬುದು ಅಲ್ಲಿದ್ದ ಪ್ರಶ್ನೆಯಲ್ಲ. ಕಳುಹಿಸಬೇಕೋ ಬೇಡವೋ ಎಂಬುದು. ಬಂದುದು ಹಿಂದೆ ಸರಿಯುವುದನ್ನು ಸೂಚಿಸುವ ‘ತುನ್’ ಆಕೃತಿ. ಚೂ ಷೀ ಮಾತನಾಡದೆ ವಿಜ್ಞಾಪನೆಯ ಕರಡನ್ನು ಸುಟ್ಟುಹಾಕಿ, ಅಲ್ಲಿಂದ ಮುಂದೆ ತನ್ನನ್ನು ‘ತುನ್‌ವೆಂಗ್’, ಎಂದರೆ ಹಿಂದೆ ಸರಿದ ಮುದುಕ, ಎಂದು ಕರೆದುಕೊಂಡನು. ಮರುವರ್ಷ ಅವನ ಬೋಧನೆ ಮಿಥ್ಯಾವಿದ್ಯೆಯೆಂದು ಖಂಡನೆಗೊಳಗಾಯಿತು. ಶಕುನ ನೋಡೋಣವೆಂದಿದ್ದ ತ್ಸೈ ಯುವಾನ್‌ತಿಂಗ್ ಗಡೀಪಾರಾಗಿ, 1198ರಲ್ಲಿ ಆ ದೂರದ ಊರಿನಲ್ಲಿಯೇ ತೀರಿಕೊಂಡನು.